ಅಧ್ಯಕ್ಷರ ಕೊನೆಯ ಅಳತೆ

ಜಿಗ್ಬೋಡಿಯ ಅವ್ವನ ಹೊಲಿಗೆ ಅಂಗಡಿಗೆ ಮೊದಲ ಸಲ ಬಂದಾಗ ಅಧ್ಯಕ್ಷರು ಸೈನ್ಯದಲ್ಲಿ ಬರೀ ಕಾರ್ಪೊರಲ್. ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬಂದಿದ್ದರು. ಆಮೇಲೆ ಸೈನ್ಯ ದಂಗೆ ಎದ್ದಿತು, ಅವರು ದೇಶದ ಅಧ್ಯಕ್ಷರಾದರು. ಬಟ್ಟೆಗೆ ಮಾತ್ರ ಬೇರೆ ಕೈ ಹುಡುಕಲಿಲ್ಲ. ಅವ್ವ ತೀರಿಕೊಂಡ ಮೇಲೆ ಮೂವತ್ತೊಂದು ವರ್ಷ ಜಿಗ್ಬೋಡಿಯೇ ಅವರ ನಿಲುವಂಗಿ ಹೊಲಿದಳು. "ಹೊಟ್ಟೆ ಎಷ್ಟಾಯ್ತಮ್ಮ? ವಿರೋಧಪಕ್ಷದೋರಿಗೆ ಹೇಳ್ಬೇಡ," ಎಂದು ನಗುತ್ತಿದ್ದರು. ಅವಳ ಪಕ್ಕದ ಮನೆಯ ಮೇಷ್ಟ್ರನ್ನು ಸೈನಿಕರು ಜೀಪಿನಲ್ಲಿ ಕರೆದೊಯ್ದದ್ದೂ ಅವರ ಕಾಲದಲ್ಲೇ. ಮೇಷ್ಟ್ರು ಮರಳಲಿಲ್ಲ. ಅವಳು ಆ ಬಗ್ಗೆ ಕೇಳಲೂ ಇಲ್ಲ, ಮರೆಯಲೂ ಇಲ್ಲ.

ಆ ಕೊನೆಯ ವರ್ಷ ಅವರಿಗೆ ಕಾಯಿಲೆಯೆಂಬ ಗುಸುಗುಸು. ಮೂರು ತಿಂಗಳು ಅಧ್ಯಕ್ಷರು ಯಾರ ಕಣ್ಣಿಗೂ ಬೀಳಲಿಲ್ಲ. ಸ್ವಾತಂತ್ರ್ಯ ದಿನಕ್ಕೆ ಎರಡು ದಿನ ಇರುವಾಗ ಅಳತೆಗೆಂದು ಜಿಗ್ಬೋಡಿಯನ್ನು ಕರೆಯಲು ಅರಮನೆಯ ಕಾರು ಬಂತು.

ಕೋಣೆಯಲ್ಲಿ ಹಾಡಹಗಲೇ ಪರದೆ ಎಳೆದಿದ್ದರು. ಮೂಳೆ ಕೊರೆಯುವ ತಂಪು. ಅಧ್ಯಕ್ಷರು ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಆಪ್ತ ಕಾರ್ಯದರ್ಶಿ ಫೋಲಿ.

"ಕೈ ಸ್ವಲ್ಪ ಎತ್ತಿ, ಅಪ್ಪಾಜಿ."

ಫೋಲಿ ಮುಂದೆ ಬಂದು ಆ ಕೈ ಎತ್ತಿ ಹಿಡಿದ. ಕತ್ತಿಗೆ ಟೇಪು ಸುತ್ತಿದಾಗ ಜಿಗ್ಬೋಡಿಯ ಬೆರಳಿಗೆ ತಣ್ಣನೆಯ ನೀರಿನ ಮಡಕೆ ತಗುಲಿದಂತಾಯಿತು. ಕೆಳತುಟಿಯ ಮೇಲೆ ನೊಣವೊಂದು ಕೂತಿತ್ತು. ಅದು ಏಳಲಿಲ್ಲ.

"ಮೆಕ್ಕೆಜೋಳದ ಅಕ್ಪ್ಲೆ ಮುದ್ದೆನೂ ಮುಟ್ತಿಲ್ಲ. ಸೊರಗಿದಾರೆ," ಎಂದ ಫೋಲಿ.

"ಹೌದಪ್ಪ, ಸೊರಗಿದಾರೆ," ಎಂದಳು. ಅಳತೆ ಪೂರ್ತಿ ತೆಗೆದುಕೊಂಡೇ ಎದ್ದಳು.

ಸತ್ತವರ ಬಟ್ಟೆಯ ದಾರಕ್ಕೆ ಗಂಟು ಹಾಕಿದರೆ ಜೀವ ಅದರಲ್ಲೇ ಸಿಕ್ಕಿಕೊಳ್ಳುತ್ತದೆ ಎನ್ನುತ್ತಿದ್ದಳು ಅವ್ವ. ಜಿಗ್ಬೋಡಿ ಒಂದೂ ಗಂಟು ಹಾಕದೆ ನಿಲುವಂಗಿ ಹೊಲಿದು ಕಳಿಸಿದಳು.

ಸ್ವಾತಂತ್ರ್ಯ ದಿನ ಉಪ್ಪರಿಗೆಯ ಗಾಜಿನ ಹಿಂದೆ ಅಧ್ಯಕ್ಷರು ಕಾಣಿಸಿಕೊಂಡರು. ಜನ ಹಾಡಿದರು. ಬಲಗೈ ನಿಧಾನವಾಗಿ ಮೇಲೇರಿತು. ಹೆಗಲ ಹೊಲಿಗೆ ಬಿಟ್ಟು ನಿಲುವಂಗಿಯ ತೋಳು ಜಾರಿತು. ಅಧ್ಯಕ್ಷರ ಮೊಣಕೈಯನ್ನು ಹಿಂದಿನಿಂದ ಬೇರೆ ಯಾರದೋ ಕೈ ಎತ್ತಿ ಹಿಡಿದಿತ್ತು. ಮುಂದಿನ ಸಾಲಿನಿಂದ ಹಿಂದಕ್ಕೆ ಹಾಡು ಒಂದೊಂದೇ ಸಾಲಾಗಿ ನಿಂತಿತು.

ಮಧ್ಯಾಹ್ನ ಫೋಲಿ ಒಬ್ಬನೇ ಅಂಗಡಿಗೆ ಬಂದ.

"ಗಂಟು ಹಾಕೋದು ಮರೆತ್ಯಾ ಅಕ್ಕ?"

"ಮರೀಲಿಲ್ಲ."

ಅವನು ಸ್ಟೂಲಿನ ಮೇಲೆ ಕುಸಿದ. "ಹನ್ನೊಂದು ದಿನದಿಂದ ಅವರ ಕೋಣೇಲೇ ಮಲಗ್ತಿದೀನಿ. ಬೇರೆ ಯಾರೂ ಒಪ್ಲಿಲ್ಲ. ಅವರು ಕೂತಿರೋ ಕುರ್ಚೀನ ಗೋಡೆ ಕಡೆ ತಿರುಗಿಸಿ ಮಲಗ್ತೀನಿ. ಬೆಳಗ್ಗೆ ನೋಡಿದ್ರೆ ನನ್ನ ಕಡೆಗೇ ಇರುತ್ತೆ."

ಅವಳು ಕುಡಿಯಲು ನೀರು ಕೊಟ್ಟಳು. "ಮಣ್ಣು ಮಾಡ್ರಪ್ಪ," ಎಂದಳು.

ಅಧ್ಯಕ್ಷರು ಈ ಮಧ್ಯಾಹ್ನ ತೀರಿಕೊಂಡರು ಎಂದು ಸಂಜೆ ರೇಡಿಯೋ ಹೇಳಿತು.

ಹೊಸ ಅಧ್ಯಕ್ಷರ ಕಡೆಯವರು ಬಟ್ಟೆ ತಂದಾಗ, ಕಣ್ಣು ಮಂಜಾಗಿದೆ ಎಂದು ವಾಪಸು ಕಳಿಸಿದಳು. ಕೊನೆಯವರೆಗೂ ಶಾಲೆ ಮಕ್ಕಳ ಸಮವಸ್ತ್ರ ಹೊಲಿದಳು. ಮಗು ಏನಾದರೂ ಮಾತಾಡಿದ ಮೇಲೆಯೇ ಅಳತೆಗೆ ಕೈ ಹಾಕುತ್ತಿದ್ದಳು.