ಸುಮ್ಮನೆ ಕೂರಲಾರದ ಬಡಗಿ

ಈ ಬಡಗಿಯ ಮುತ್ತಾತ ಚರ್ಚಿನ ಬೆಂಚುಗಳನ್ನು ಮಾಡಿದವನು. ಮೂರು ತಲೆಮಾರಿನ ಜನ ಅವುಗಳ ಮೇಲೆ ಕೂತು ಪ್ರಸಂಗ ಕೇಳುತ್ತಾ ತೂಕಡಿಸಿದ್ದಾರೆ, ಒಂದು ಬೆಂಚೂ ಕಿರ್ರೆಂದಿಲ್ಲ. ತಾತ ಪ್ರಸಂಗಪೀಠದ ಮೆಟ್ಟಿಲು ಕಟ್ಟಿದ. ಅಪ್ಪ, ಜ್ವರ ಹಬ್ಬಿದ ವರ್ಷ ಊರಿಗೆಲ್ಲ ಶವಪೆಟ್ಟಿಗೆ ಮಾಡಿಕೊಟ್ಟು, ಕಡೆಯದರಲ್ಲಿ ತಾನೇ ಮಲಗಿಕೊಂಡ. ತಾಯಿ ಅದಕ್ಕೂ ಮೊದಲೇ ಹೋಗಿದ್ದಳು. ಆರು ವರ್ಷದ ಹುಡುಗನನ್ನು ಎತ್ತಿ ಆಡಿಸಿ ಮನುಷ್ಯನನ್ನಾಗಿ ಮಾಡಿದವಳು ಅಕ್ಕ.

ಆ ಅಕ್ಕ ಈಗ ಲಕ್ವ ಹೊಡೆದು, ಮಾತು ಬಿದ್ದುಹೋಗಿ, ಬಡಗಿಯ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಡಾಕ್ಟರು ಹೆಚ್ಚೆಂದರೆ ಒಂದು ತಿಂಗಳು ಅಂದಿದ್ದಾರೆ. ಅವಳು ಕೇಳುವುದು ಒಂದೇ. ಎಡಗೈಯಲ್ಲಿ ಮಂಚದ ಪಕ್ಕದ ಸ್ಟೂಲು ತಟ್ಟುತ್ತಾಳೆ, ಇಲ್ಲಿ ಕೂರು ಅಂತ. ಬಡಗಿಗೆ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ. ಅಂಡು ಊರುವುದರೊಳಗೆ ಕಿಟಕಿಯ ತಿರುಪು ಸಡಿಲವಾಗಿರುವುದು ಕಣ್ಣಿಗೆ ಬೀಳುತ್ತದೆ. ಒಂದು ವಾರದಲ್ಲಿ ಕಿಟಕಿ, ಮಂಚದ ಕಾಲು, ಕೊನೆಗೆ ಕೂರಬೇಕಾದ ಸ್ಟೂಲನ್ನೇ ರಿಪೇರಿ ಮಾಡಿದ. ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಬಡಗಿ ಚರ್ಚಿನ ಗುರುಗಳ ಹತ್ತಿರ ಓಡಿದ. ಅವರು ಮೌನಪ್ರಾರ್ಥನೆ ಹೇಳಿಕೊಟ್ಟರು. ಬಾಗಿಲು ಹಾಕಿಕೊಂಡು ಕೂರಬೇಕು. ಉಸಿರು ಎಳೆದುಕೊಳ್ಳುವಾಗ 'ಯೇಸುವೇ', ಬಿಡುವಾಗ 'ಇಲ್ಲಿದ್ದೇನೆ'. ಮನಸ್ಸು ಓಡಿದರೆ ಬೈಯದೆ ಮತ್ತೆ ಆ ಮಾತಿಗೇ ಕರೆತರಬೇಕು. ದಿನಾ ಇಪ್ಪತ್ತು ನಿಮಿಷ.

ಬಡಗಿ ತನ್ನ ಕೆಲಸದ ಕೋಣೆಯಲ್ಲಿ ಕೂತ. 'ಯೇಸುವೇ'ಗೂ 'ಇಲ್ಲಿದ್ದೇನೆ'ಗೂ ನಡುವೆ ಮನಸ್ಸು ನಾಲ್ಕು ಬೀದಿ ಸುತ್ತಿ ಬಂತು. ಮೊಣಕಾಲು ತನ್ನಷ್ಟಕ್ಕೆ ಕುಣಿಯಿತು. ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದೆಯಲ್ಲ ಅನ್ನಿಸಿತು. ಎಚ್ಚರ ಬಂದಾಗ ಕೈಯಲ್ಲಿ ಕೀಸುಳಿ, ಕಾಲಡಿ ಹೆರೆದ ಮರದ ಸುರುಳಿ.

"ಪ್ರಾರ್ಥನೆ ಮುಗೀತಾ?" ಅಂದಳು ಹೆಂಡತಿ.

"ಬಾಗಿಲು ಮುಗೀತು."

"ನಿಮ್ಮನ್ನ ಸ್ವರ್ಗಕ್ಕೆ ಬಿಟ್ಕೊಂಡ್ರೆ ಮೊದಲನೇ ದಿನವೇ ಹೆಬ್ಬಾಗಿಲು ಕಳಚಿ ಹಾಕ್ತೀರ. ಆಮೇಲೆ ಪಾಪಿಗಳಿಗೆಲ್ಲ ಸುಗ್ಗಿ."

ಹತ್ತು ದಿನ ಹೆಣಗಿದರೂ ನಾಲ್ಕು ನಿಮಿಷ ದಾಟಲಿಲ್ಲ. ದಿನಗಳೇನು ಇವನಿಗೆ ಕಾಯುತ್ತವೆಯೇ? ಹನ್ನೊಂದನೆಯ ದಿನ ಕಲಿಯುವುದನ್ನು ಬಿಟ್ಟು ಅಕ್ಕನ ಹತ್ತಿರವೇ ಹೋಗಿ ಕೂತ. ಕೈಗಳು ಎದ್ದು ಹೋಗದಿರಲಿ ಅಂತ ತೊಡೆಯ ಕೆಳಗೆ ಒತ್ತಿಕೊಂಡ. ಯೇಸುವೇ, ಮಂಚದ ಹಲಗೆ ಬಿರುಕು ಬಿಟ್ಟಿದೆ. ಯೇಸುವೇ, ಇಲ್ಲಿದ್ದೇನೆ. ಬೆನ್ನು ಬೆವರಿತು. ಅಕ್ಕ ಮೆಲ್ಲಗೆ ಈ ಕಡೆ ತಿರುಗಿ, ಕುಣಿಯುವ ಮೊಣಕಾಲಿನ ಮೇಲೆ ಕೈ ಇಟ್ಟಳು. ಕಾಲು ನಿಲ್ಲಲಿಲ್ಲ. ಅವಳ ಕೈಯೂ ಅದರ ಜೊತೆ ಕುಣಿಯಿತು.

ಅಕ್ಕನಿಗೆ ಪರಮಪ್ರಸಾದ ತಂದಿದ್ದ ಗುರುಗಳು ಬಾಗಿಲಲ್ಲಿ ನಿಂತು ಇದನ್ನು ಕಂಡರು. "ಯಾಕಿಷ್ಟು ಒದ್ದಾಡ್ತೀಯಪ್ಪ? ದಿನಾ ಬಂದು ನಾನೂ ನಿನ್ನ ಪಕ್ಕ ಕೂರ್ತೀನಿ. ಜೊತೆಗೊಬ್ಬರಿದ್ರೆ ಮನಸ್ಸು ನಿಲ್ಲುತ್ತೆ."

ಬಡಗಿ ಏಳಲಿಲ್ಲ.

"ಬೇಡ ಫಾದರ್. ನೀವಿದ್ರೆ ನಿಮ್ಮ ಮುಖ ನೋಡ್ಕೊಂಡು ಕಲ್ಲಿನ ಹಾಗೆ ಕೂತುಬಿಡ್ತೀನಿ. ಆಗ ನಾನು ಕೂತಿರೋದು ಅಕ್ಕನಿಗೂ ಅಲ್ಲ, ದೇವರಿಗೂ ಅಲ್ಲ, ನಿಮಗೆ. ಒದ್ದಾಡ್ಕೊಂಡೇ ಕೂರ್ತೀನಿ, ಅಕ್ಕನಿಗೆ ಪ್ರಸಾದ ಕೊಟ್ಟು ನೀವು ಹೋಗಿಬನ್ನಿ."