ಸೋಮವ್ವ ಎದ್ದ ಮೇಲೆಯೇ ಸೂಜಿ

ದೋರನಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಪಡಸಾಲೆಯ ಮೂಲೆಯಲ್ಲಿ ರಾತ್ರಿ ಹುಟ್ಟಿದ ಕುರಿಮರಿ ಬುಟ್ಟಿಯೊಳಗೆ ನಡುಗುತ್ತಿದೆ. ಭಾರತಿ ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಈಯುವ ಕುರಿಯ ಬಳಿಯೇ ಕೂತಿದ್ದರು. ಈಗ ಮುಖ ತೊಳೆದು, ಅರ್ಧ ಹೊಲಿದ ಕೌದಿಯನ್ನು ಹಾಸಿಕೊಂಡು ಕೂತಿದ್ದಾರೆ. ಸೂಜಿ ಸೆರಗಿಗೆ ಚುಚ್ಚಿದೆ, ದಾರದ ಉಂಡೆ ಮಗ್ಗುಲಲ್ಲಿದೆ. ಎರಡನ್ನೂ ಅವರು ಮುಟ್ಟುವುದಿಲ್ಲ. ಯಾದಗಿರಿಯ ಒಂದು ಮನೆಯಲ್ಲಿ ಸೋಮವ್ವ ಎಂಬ ಮುದುಕಿ ಎದ್ದಿದ್ದಾರೆ ಎಂದು ಫೋನಿನಲ್ಲಿ ಕೇಳುವ ತನಕ ಭಾರತಿ ಸೂಜಿಗೆ ದಾರ ಪೋಣಿಸುವುದಿಲ್ಲ.

ಸೋಮವ್ವ ಅವರಿಗೆ ನೆಂಟರಲ್ಲ. ಇಬ್ಬರೂ ಒಮ್ಮೆಯೂ ಎದುರುಬದುರಾದವರಲ್ಲ.

ಕೌದಿ ಹೊಲಿಯುವುದನ್ನು ಭಾರತಿಗೆ ಕಲಿಸಿದ್ದು ಅತ್ತೆ ಅಯ್ಯಮ್ಮ. ಹರಿದ ಸೀರೆ, ಸವೆದ ಧೋತರ, ಮಕ್ಕಳ ಅಂಗಿ ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸುತ್ತುತ್ತಾ ಹೊಲಿಗೆ ಹಾಕುವ ಕೆಲಸ. ಸತ್ತವರ ಅರಿವಿ, ಅಂದರೆ ಬಟ್ಟೆ, ಬಂದರೆ ಈ ಮನೆಯಲ್ಲಿ ಬೇರೆಯೇ ಕ್ರಮವಿದೆ. ಕೂದಲು ಬಿಗಿದು ಕಟ್ಟಬೇಕು, ಒಂದೆಳೆಯೂ ಒಳಗೆ ಬೀಳಬಾರದು. ದಾರವನ್ನು ಬಾಯಲ್ಲಿ ಕಚ್ಚಬಾರದು. ಬದುಕಿರುವವರದು ಏನೂ ಒಳಗೆ ಸೇರಬಾರದು. ಕೊನೆಗೆ ಒಂದು ಮೂಲೆಯನ್ನು ಅಂಗೈ ಅಗಲದಷ್ಟು ಹೊಲಿಯದೆ ತೆರೆದೇ ಬಿಡಬೇಕು. ವರ್ಷ ತುಂಬಿದ ಮೇಲೆ ಆ ಮನೆಯವರೇ ಅದನ್ನು ಮುಚ್ಚುತ್ತಾರೆ.

"ಅರಿವಿ ಯಾರ್ದೋ ಅವ್ರು ಬಂದು ಕೌದ್ಯಾಗ ಕೂಡ್ತಾರ್ರಿ," ಎನ್ನುತ್ತಾರೆ ಭಾರತಿ, ಜೋಳದ ರೇಟು ಹೇಳುವ ದನಿಯಲ್ಲಿ. "ಬರೋದಕ್ಕ ಏನೂ ಬೇಕಾಗಿಲ್ಲ. ಹೋಗಬೇಕಂದ್ರ ದಾರಿ ಬೇಕಲ್ರಿ?"

ಶಹಾಪುರದ 'ಸಗರನಾಡು ಕೈಕಸಬು ಬಳಗ'ಕ್ಕೆ ಭಾರತಿ ಸೇರಿದ್ದು ಅತ್ತೆ ತೀರಿಕೊಂಡ ಮೇಲೆ. ಕಂಬಳಿ ನೇಯುವವರು, ಸುರಪುರದ ಚಿತ್ರ ಬರೆಯುವವರು, ಕೌದಿ ಹೊಲಿಯುವವರು ಇದರ ಸದಸ್ಯರು. ಬಳಗ ಅವರ ಮಾಲನ್ನು ಕಲಬುರಗಿ, ಹೈದರಾಬಾದಿನ ಮೇಳಗಳಿಗೆ ಒಯ್ಯುತ್ತದೆ, ಮೊಬೈಲಿನಲ್ಲಿ ಚಿತ್ರ ಹಾಕುತ್ತದೆ, ಆರ್ಡರು ಹಿಡಿಯುತ್ತದೆ. ಮೊದಲೆಲ್ಲ ಮಾಲು ಮಾರಾಟವಾಗುತ್ತಿತ್ತು, ಮಾಡಿದವರ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೆ ಬಳಗ ನಡೆಸುವ ಪರಿಮಳಾ ಒಂದು ಉಪಾಯ ಮಾಡಿದರು: ಪ್ರತಿ ಮಾಲಿಗೂ ಕಲಾವಿದರ ಫೋಟೊ, ಹೆಸರು, ಊರು ಅಚ್ಚು ಹಾಕಿದ ಬಟ್ಟೆಯ ಚೀಟಿ.

ಒಳ್ಳೆಯ ಉಪಾಯವೇ. ಕಂಬಳಿಗೆ ಹೊಲಿದರು, ಚಿತ್ರಗಳ ಬೆನ್ನಿಗೆ ಅಂಟಿಸಿದರು. ಹೋದ ವರ್ಷ ಭಾರತಿಯ ಒಂದು ಕೌದಿ ಬಳಗದ ಆಫೀಸಿಗೆ ಬಂತು. ಯಾದಗಿರಿಯ ಗುಮಾಸ್ತ ಸಂಗಮನಾಥ, ತೀರಿಹೋದ ತಂದೆಯ ಧೋತರ, ಅಂಗಿಗಳನ್ನು ಕಳಿಸಿ ತಾಯಿ ಸೋಮವ್ವನಿಗಾಗಿ ಹೊಲಿಸಿದ ಕೌದಿ ಅದು. ಕ್ರಮದಂತೆ ಒಂದು ಮೂಲೆ ತೆರೆದಿತ್ತು. ಆಫೀಸಿನವರು ಅದನ್ನು ನೋಡಿ, ಚೀಟಿಗೆಂದೇ ಭಾರತಿ ಜಾಗ ಬಿಟ್ಟಿದ್ದಾರೆ ಅಂದುಕೊಂಡರು. ಭಾರತಿಯ ಮುಖವಿದ್ದ ಚೀಟಿಯನ್ನು ಆ ಸಂದಿಗೆ ತೂರಿಸಿ, ಮಷಿನ್ನಿನಲ್ಲಿ ಎರಡು ಸಲ ಹೊಲಿಗೆ ಓಡಿಸಿ ಮೂಲೆ ಮುಚ್ಚಿದರು.

ಭಾರತಿಗೆ ಇದು ತಿಳಿದದ್ದು ತಿಂಗಳಾದ ಮೇಲೆ, ಬಳಗದ ಸಭೆಯಲ್ಲಿ. ಪರಿಮಳಾ ಖುಷಿಯಿಂದಲೇ ಹೇಳಿದರು, ಸಂಗಮನಾಥ ಫೋನ್ ಮಾಡಿದ್ದರಂತೆ, ಗಂಡ ಹೋದಾಗಿನಿಂದ ನಿದ್ದೆ ಇಲ್ಲದ ತಾಯಿ ಈಗ ಚೆನ್ನಾಗಿ ಮಲಗುತ್ತಾರಂತೆ. 'ಚೀಟ್ಯಾಗಿನ ಹುಡುಗಿ ದಿನಾ ಬಂದು ಕಾಲಕಡಿ ಕುಂತು ಹೊಲೀತಾಳ' ಅನ್ನುತ್ತಾರಂತೆ.

ಸಭೆಯಲ್ಲಿ ಎಲ್ಲರೂ ನಕ್ಕರು. ಭಾರತಿ ಕೇಳಿದ್ದು ಒಂದೇ ಮಾತು: "ಚೀಟಿ ಯಾವ ಮೂಲಿಗಿ ಹಚ್ಚೀರಿ ಅಕ್ಕಾ?"

ಸುರಪುರದ ಚಿತ್ರಗಾರ ಅಂಬ್ರಪ್ಪನಿಗೆ ಅದೂ ತಮಾಷೆಯಾಗಿ ಕಂಡಿತು. "ಏ ತಂಗಿ, ನನ್ನ ಮಾರಿ ಎಷ್ಟ ಮಂದಿ ಮನ್ಯಾಗ ಗ್ವಾಡಿಗಿ ಮೂಗು ಹಚ್ಚಿ ಕುಂತದ ಗೊತ್ತೇನು? ನಂಗೇನ್ ಉಸಿರು ಕಟ್ಟೇದೇನು?"

"ನಿಮ್ಮದು ಗ್ವಾಡಿ ಅಣ್ಣಾ," ಎಂದರು ಭಾರತಿ. "ನಂದು ಸತ್ತವ್ರ ಅರಿವ್ಯಾಗ ಅದ. ದಾರೀನೂ ಮುಚ್ಚ್ಯಾರ."

ಅಂಬ್ರಪ್ಪ ಆಮೇಲೆ ನಗಲಿಲ್ಲ.

ಚೀಟಿ ಬಿಚ್ಚಿ ಕೊಡಿ ಎಂದು ಪರಿಮಳಾ ಸಂಗಮನಾಥರನ್ನು ಕೇಳಿದರು. ಅವರು ಒಪ್ಪಿದರು, ಸೋಮವ್ವ ಒಪ್ಪಲಿಲ್ಲ. ಮಗ ಕತ್ತರಿ ತಂದರೆ ಕೌದಿಯನ್ನು ಎದೆಗೆ ಅವುಚಿಕೊಂಡು ಕೂಗಾಡಿದರು. ಮೇಲೆ ಇನ್ನೊಂದು ಮಾತನ್ನೂ ಹಾಕಿದರು: ತಾನು ಸತ್ತರೆ ಇದೇ ಕೌದಿ ಹೊದಿಸಿ ಮಣ್ಣು ಮಾಡಬೇಕು. ಮಗ ಮಾತು ಕೊಟ್ಟಿದ್ದಾರೆ. ಅಂದರೆ ಸೋಮವ್ವ ಹೋದ ದಿನ ಭಾರತಿಯ ಮುಖ, ಹೆಸರು, ಊರು ಅವರ ಜೊತೆಗೇ ಮಣ್ಣಿಗೆ ಹೋಗುತ್ತವೆ.

ಆ ಚೀಟಿ ಕೌದಿಯೊಳಗೆ ಸೇರಿದಂದಿನಿಂದ ಭಾರತಿಗೆ ಕನಸೇ ಬೀಳುವುದಿಲ್ಲ. ಕಲ್ಲಿನಂತೆ ಮಲಗುತ್ತಾರೆ. "ಮಕ್ಕೊಂಡಾಗ ಈಕಿ ಕೈ ಹೊಲೀತಾವ್ರಿ," ಎನ್ನುತ್ತಾರೆ ಗಂಡ ಬೀರಣ್ಣ, ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾ. "ಸೂಜಿ ಇಲ್ಲ, ದಾರ ಇಲ್ಲ. ಹಿಡಿದ್ರೂ ನಿಲ್ಲಂಗಿಲ್ಲ." ಒಮ್ಮೆ ಬಾವಿಕಟ್ಟೆಗೆ ಬಡಿದು ಭಾರತಿಯ ಹಸಿರು ಬಳೆ ಒಡೆದಿತ್ತು. ಮರುದಿನ ಬೆಳಿಗ್ಗೆ ಸಂಗಮನಾಥ ಫೋನಿನಲ್ಲಿ ಸುಮ್ಮನೆ ಕೇಳಿದರು, "ಅವ್ವ ಕೇಳಾಕತ್ತಾಳ್ರಿ, ಆ ಹುಡುಗಿ ಬಳಿ ಯಾಕ ಒಡಕೊಂಡಾಳ ಅಂತ." ಚೀಟಿಯ ಫೋಟೊದಲ್ಲಿ ಇರುವುದು ಮುಖ ಮಾತ್ರ. ಕೈ ಇಲ್ಲ.

ಪರಿಮಳಾ ಮುಚ್ಚಿಡುವುದಿಲ್ಲ. "ತಪ್ಪು ನಮ್ಮದೇ. ಕೇಳದೇ ಹೊಲಿದ್ವಿ. ಆದ್ರ ಆ ಸುದ್ದಿ ಬಾಯಿಂದ ಬಾಯಿಗಿ ಹೋಗಿ, ಭಾರತಿ ಕೈಯಿಂದ್ಲೇ ಬೇಕು ಅಂತ ಮಂದಿ ಬರಾಕತ್ಯಾರ. ಇದಕ್ಕ ನಗಬೇಕೋ ಅಂಜಬೇಕೋ ಗೊತ್ತಾಗವಲ್ದು." ಈಗ ಭಾರತಿಯ ಕೌದಿಗಳಿಗೆ ಚೀಟಿಯನ್ನು ಹೊಲಿಯುವುದಿಲ್ಲ. ಹೊರಗಿನಿಂದ ಒಂದೆಳೆ ದಾರದಲ್ಲಿ ಕಟ್ಟುತ್ತಾರೆ. ಕೊಂಡವರು ಓದಿ ಬಿಚ್ಚಿಡಬಹುದು. ಅದನ್ನು ಕೇಳಿ ಪಡೆದದ್ದು ಭಾರತಿಯೇ.

"ಹೆಸರು ಬ್ಯಾಡ ಅನ್ನಂಗಿಲ್ರಿ," ಎನ್ನುತ್ತಾರೆ. "ನಮ್ಮತ್ತಿ ಹೊಲಿದ್ದು ಎಷ್ಟ ಮನ್ಯಾಗ ಅದಾವೋ, ಆಕಿ ಹೆಸರು ಯಾರಿಗಿ ಗೊತ್ತದ? ನಂದು ಇರ್ಲಿ. ಹೊರಗ ಇರ್ಲಿ." ತಮಗಾಗಿ ಏನಾದರೂ ಆಸೆ ಉಂಟೇ ಎಂದರೆ ಫೋನಿನ ಕಡೆ ಬೆರಳು ತೋರಿಸುತ್ತಾರೆ. "ಆ ಆಯಿ ಗಟ್ಟಿಮುಟ್ಟಾಗಿ ಇರ್ಲಿ. ಅಷ್ಟ."

ಹೊರಗೆ ಬೆಳಕು ಬಂದಿದೆ. ಭಾರತಿ ಸಂಗಮನಾಥರ ನಂಬರು ಒತ್ತುತ್ತಾರೆ. ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಬೀರಣ್ಣ ಬಾಟಲಿ ಕೆಳಗಿಡುತ್ತಾರೆ. "ಇನ್ನೊಮ್ಮಿ ಹಚ್ಚು." ಮತ್ತೆ ರಿಂಗಾಗುತ್ತದೆ. ಭಾರತಿಯ ಇನ್ನೊಂದು ಕೈ ಮಡಿಲ ಕೌದಿಯನ್ನು ಮುದ್ದೆ ಮಾಡಿ ಹಿಡಿದಿದೆ.

ಯಾರೋ ಎತ್ತುತ್ತಾರೆ. ಸಂಗಮನಾಥ ಅಲ್ಲ. ಒಡೆದ, ಒಣಗಿದ ದನಿ. ಇಷ್ಟು ದಿನದಲ್ಲಿ ಭಾರತಿ ಈ ದನಿಯನ್ನು ಕೇಳಿರಲಿಲ್ಲ.

"ಮಗ ಜಳಕಕ್ಕ ಹೋಗ್ಯಾನ. ಯಾರು?"

"ನಾ ಬೇ ಆಯಿ... ದೋರನಹಳ್ಳಿ ಭಾರತಿ."

"ಗೊತ್ತಾತು ಬಿಡು. ನಿನ್ನಿ ರಾತ್ರಿ ಯಾಕ ಬರ್ಲಿಲ್ಲ?"

ಬುಟ್ಟಿಯಲ್ಲಿ ಮರಿ ಒಮ್ಮೆ ಅರಚಿ ಸುಮ್ಮನಾಗುತ್ತದೆ. ಭಾರತಿ ಗಂಡನ ಮುಖ ನೋಡುತ್ತಾರೆ. ಆಮೇಲೆ ಮೆಲ್ಲಗೆ ಹೇಳುತ್ತಾರೆ, "ಕುರಿ ಈಯಾಕತ್ತಿತ್ತು ಬೇ. ನಿದ್ದಿ ಮಾಡ್ಲಿಲ್ಲ."

"ಹೌದಾ? ಇವತ್ತ ಬಾ ಮತ್ತ. ಹೊಲಗಿ ಅರ್ಧಕ್ಕ ನಿಂತದ."

"ಬರ್ತೀನಿ ಆಯಿ. ನೀ ಹೊತ್ತಿಗಿ ಸರಿಯಾಗಿ ಉಣ್ಣು."

ಫೋನು ಕೆಳಗಿಟ್ಟು ಭಾರತಿ ಕೂದಲನ್ನು ಇನ್ನೊಂದು ಸುತ್ತು ಬಿಗಿಯುತ್ತಾರೆ. ಸೆರಗಿನಿಂದ ಸೂಜಿ ಕಿತ್ತು, ಬೆಳಕಿಗೆ ಹಿಡಿದು, ದಾರ ಪೋಣಿಸುತ್ತಾರೆ.