ಯಾರೂ ಸಾಯದ ಪಿಚ್ಚರುಗಳು

ಬಾಹ್ಯಾಕಾಶದ ಸಿನಿಮಾಗಳ ವಿಷಯದಲ್ಲಿ ಜಟ್ಟೆಮ್ಮನಷ್ಟು ಖಡಾಖಂಡಿತವಾಗಿ ಮಾತಾಡುವವರು ರಾಮಮೂರ್ತಿ ನಗರದ ಆ ವಠಾರದಲ್ಲಿ ಇನ್ನೊಬ್ಬರಿರಲಿಲ್ಲ. ಧಾರಾವಾಹಿ ಅವಳಿಗೆ ಆಗುತ್ತಿರಲಿಲ್ಲ. "ಅತ್ತಿ ಸೊಸಿ ಅಳೂದು ನೋಡಾಕ ಟಿವಿ ಯಾಕ ಬೇಕು, ಬಾಗಿಲಾ ತಗದ್ರ ಸಾಕಲ್ಲ" ಅನ್ನುವಳು. ಅವಳಿಗೆ ಬೇಕಿದ್ದದ್ದು ಚುಕ್ಕಿಗಳ ನಡುವೆ ಹಾರುವ ಹಡಗು, ಬೆಂಕಿ ಉಗುಳುವ ರೆಕ್ಕೆಯ ಮೃಗ, ಗೋಡೆಯಿಂದ ಗೋಡೆಗೆ ನೆಗೆಯುವ ವೀರ.

ಇಷ್ಟಪಟ್ಟಳೆಂದು ತಪ್ಪು ಹುಡುಕದೆ ಬಿಟ್ಟವಳಲ್ಲ. ಇಂದಿರಾನಗರದಾಚೆಯ ವಿಮಾ ನೌಕರರ ಕಾಲೊನಿಯಲ್ಲಿ ವೇದಾ ಅವರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ರೊಟ್ಟಿ ತಟ್ಟುತ್ತಲೇ ಹಿಂದಿನ ಭಾನುವಾರದ ಪಿಚ್ಚರಿನ ವಿಚಾರಣೆ ನಡೆಯುತ್ತಿತ್ತು.

"ಲೋಕಾ ಉಳಸ್ತೀನಿ ಅಂತ ಬರ್ತಾನಕ್ಕಾರ, ಬಂದು ಹತ್ತು ಅಂತಸ್ತಿನ ಬಿಲ್ಡಿಂಗ್ ಕೆಡವತಾನ. ಅದನ್ನ ಕಟ್ಟಿದವರ ರಟ್ಟಿ ಎಷ್ಟು ನೊಂದಿರಬೇಕು? ಆ ಕಲ್ಲು ಮಣ್ಣು ಎತ್ತೋರು ಯಾರು?"

ರೆಕ್ಕೆಯ ಮೃಗಗಳ ಬಗ್ಗೆ ಅವಳಿಗೆ ಬೇರೆಯೇ ಸಂಕಟ. "ಯುದ್ಧಕ್ಕಷ್ಟ ಹೊಡಕೊಂಡು ಹೋಗ್ತಾರ. ಒಂದು ದಿನ ಮೈ ತೊಳದದ್ದು ನೋಡಲಿಲ್ಲ ನಾ. ಅಂಥಾವ್ರಿಗೆ ಎತ್ತು ಕೊಟ್ರೂ ಬಾಳಂಗಿಲ್ಲ."

ವೇದಾ ಅವರ ಮಗಳು ಇಂಚರಾ ಕಾಲೇಜಿಗೆ ಹೊರಟವಳು ಬ್ಯಾಗು ಕೆಳಗಿಟ್ಟು ಕೂತುಬಿಡುತ್ತಿದ್ದಳು. ಅವಳಿಗೂ ಈ ಪಿಚ್ಚರುಗಳ ಹುಚ್ಚು. "ಆಂಟಿ, ನೀವೊಂದು ಚಾನೆಲ್ ಶುರು ಮಾಡ್ಬೇಕು, ನಾನೇ ಎಡಿಟ್ ಮಾಡ್ಕೊಡ್ತೀನಿ" ಅನ್ನುತ್ತಿದ್ದಳು. ಎಷ್ಟೇ ದೂರಿದರೂ ಜಟ್ಟೆಮ್ಮ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಮಾತಿಗೆ: "ಏನರ ಅನ್ನು ತಂಗಿ, ಇವು ಚಲೋ ಪಿಚ್ಚರು. ಎಷ್ಟ ಬಡದಾಡಲಿ, ಕಡೀಕ ಯಾರೂ ಸಾಯಂಗಿಲ್ಲ. ಎಲ್ಲಾರೂ ಮನಿ ಮುಟ್ತಾರ." ಇಂಚರಾ ಇದನ್ನು ಅವಳ ತಮಾಷೆ ಎಂದುಕೊಂಡು ನಗುತ್ತಿದ್ದಳು.

ಜಟ್ಟೆಮ್ಮ ಕುಷ್ಟಗಿ ಕಡೆಯವಳು. ಗಂಡನ ಜೊತೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದಳು. ಕಮ್ಮನಹಳ್ಳಿಯಲ್ಲಿ ಎದ್ದು ನಿಲ್ಲುತ್ತಿದ್ದ ಒಂದು ಕಟ್ಟಡದ ಸಾರುವೆಯಿಂದ ಬಿದ್ದು ಗಂಡ ತೀರಿಕೊಂಡ. ಆಮೇಲೆ ಅವಳು ಮತ್ತೆ ಕಟ್ಟಡ ಹತ್ತಲಿಲ್ಲ, ಮನೆಗೆಲಸ ಹಿಡಿದಳು. ಮಗ ಹುಲಿಗೆಪ್ಪ ಶಾಲೆ ಬಿಟ್ಟು ಶಿವಾಜಿನಗರದ ಗುಜರಿಯಲ್ಲಿ, ಹಳೆಯ ಗಾಡಿ ಬಿಚ್ಚಿ ಬಿಡಿಭಾಗ ಮಾರುವ ಅಂಗಡಿಯೊಂದಕ್ಕೆ ಸೇರಿದ. ಅಲ್ಲಿ ನಯಾಜ್ ಎಂಬ ಹಿರಿಯ ಕೆಲಸಗಾರನ ಕೈಕೆಳಗೆ ಎಂಜಿನ್ ಬಿಚ್ಚುವುದನ್ನೂ ಉರ್ದು ಮಾತಾಡುವುದನ್ನೂ ಒಟ್ಟಿಗೇ ಕಲಿತ.

ಆ ಉರ್ದುವಿನಿಂದಲೇ ಜಟ್ಟೆಮ್ಮನಿಗೆ ಈ ಲೋಕ ಸಿಕ್ಕಿದ್ದು. ಟಿವಿಯಲ್ಲಿ ಆ ಪಿಚ್ಚರುಗಳೆಲ್ಲ ಹಿಂದಿಗೆ ಡಬ್ ಆಗಿ ಬರುತ್ತಿದ್ದವು. ಅವಳಿಗೆ ಹಿಂದಿಯ ಒಂದಕ್ಷರವೂ ತಿಳಿಯದು. ಭಾನುವಾರ ಮಧ್ಯಾಹ್ನ ಉಂಡಾದ ಮೇಲೆ ಹುಲಿಗೆಪ್ಪ ಗೋಡೆಗೆ ಒರಗಿ, ಟಿವಿಯ ದನಿ ತಗ್ಗಿಸಿ, ತಾನೇ ಹೇಳುತ್ತ ಹೋಗುತ್ತಿದ್ದ. ಅವನ ಬಾಯಲ್ಲಿ ಮಂಗಳ ಗ್ರಹದವರೂ ಕುಷ್ಟಗಿಯವರಾಗುತ್ತಿದ್ದರು. "ಇವ ಗೌಡರ ಪೈಕಿ ಯವ್ವಾ. ಭೂಮಿ ಮ್ಯಾಲ ಜಾಗ ಸಾಲಲಿಲ್ಲ, ಇಲ್ಲಿ ಹೊಲಾ ಹಿಡಿಯಾಕ ಬಂದಾನ. ಆ ಹಸರ ಮಾರಿಯಾಕಿ ಅದಾಳಲ್ಲ, ಆಕಿ ಬಿಡಂಗಿಲ್ಲ ನೋಡು." ಹೆಣ್ಣಿನ ದನಿ, ಮುದುಕನ ದನಿ, ಯಂತ್ರದ ದನಿ ಎಲ್ಲ ಅವನದೇ. ಜಟ್ಟೆಮ್ಮ ನಡುನಡುವೆ ತಡೆದು ಪ್ರಶ್ನೆ ಹಾಕುವಳು. ಅವನು ಎಲ್ಲದಕ್ಕೂ ಉತ್ತರ ಕೊಡುವನು.

ಅವಳಿಗೆ ಎಲ್ಲಕ್ಕಿಂತ ಮೆಚ್ಚಾಗಿದ್ದದ್ದು ಒಬ್ಬ ತಾಯಿ ಮತ್ತು ಮಗನ ಪಿಚ್ಚರು. ಇಬ್ಬರೇ ಒಂದು ಹಡಗಿನಲ್ಲಿ ಹೋಗುತ್ತಿರುವಾಗ ಹಡಗು ಕೆಡುತ್ತದೆ. ತಾಯಿ ಬಿಳಿ ದಿರಿಸು ತೊಟ್ಟು ಬಾಗಿಲು ತೆರೆದು ಕತ್ತಲೆಗೆ ಇಳಿಯುತ್ತಾಳೆ. "ರಿಪೇರಿಗೆ ಹೊಂಟಾಳ. ಅಲ್ಲೆ ಇನ್ನೊಂದು ಹಡಗ ಬಂದು ಆಕೀನ ಕರಕೊಂಡು ಹೋಗ್ತೈತಿ. ವರ್ಷ ತುಂಬೂದರಾಗ ಇಬ್ಬರೂ ಊರಾಗ ಕೂಡ್ತಾರ" ಎಂದು ಹೇಳಿ ಹುಲಿಗೆಪ್ಪ ಟಿವಿ ಆರಿಸಿದ್ದ. ಆ ಕತೆಯನ್ನು ಅವಳು ಅವನಿಂದ ಎಷ್ಟು ಸಲ ಹೇಳಿಸಿಕೊಂಡಳೋ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಹುಲಿಗೆಪ್ಪ ಮನೆಯೊಳಗೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಓಡಾಡತೊಡಗಿದ. "ಕಣ್ಣು ಬಂದಾವವ್ವ, ನೋಡಬ್ಯಾಡ, ನಿನಗೂ ಹತ್ತತಾವ" ಅಂದ. ಊಟ ಸೇರುತ್ತಿರಲಿಲ್ಲ. ಕೇಳಿದರೆ, "ಏನಿಲ್ಲ, ಗ್ಯಾಸ್ಟ್ರಿಕ್." ಭಾನುವಾರ ಮಾತ್ರ ಎಂದಿನಂತೆ ಗೋಡೆಗೆ ಒರಗಿ ಕತೆ ಹೇಳಿದ. ನಡುವೆ ಎರಡು ಸಲ ಎದ್ದುಹೋಗಿ ವಾಂತಿ ಮಾಡಿ ಬಂದ. ಹೋಟೆಲಿನಲ್ಲಿ ತಿಂದದ್ದು ಆಗಿಬರಲಿಲ್ಲ ಅಂದ.

ಅಂಗಡಿಯಲ್ಲೇ ಬಿದ್ದವನನ್ನು ನಯಾಜ್ ಆಸ್ಪತ್ರೆಗೆ ಸೇರಿಸಿ ಅವಳಿಗೆ ಫೋನ್ ಮಾಡಿದ. ಅವಳು ಓಡಿಹೋಗಿ ನೋಡಿದಾಗ ಕಪ್ಪು ಕನ್ನಡಕವನ್ನು ಯಾರೋ ತೆಗೆದಿಟ್ಟಿದ್ದರು. ಕಣ್ಣು ಅರಿಶಿನದ ಹಾಗಿತ್ತು. ಕಾಮಾಲೆ ಏರಿ ಲಿವರ್ ಪೂರ್ತಿ ಕೈಕೊಟ್ಟಿದೆ, ಬಹಳ ತಡವಾಯಿತು ಎಂದರು ಡಾಕ್ಟರು. ಹುಲಿಗೆಪ್ಪನಿಗೆ ಅವಳ ಗುರುತು ಹತ್ತಲಿಲ್ಲ. ಮರುದಿನ ಹೋಗಿಬಿಟ್ಟ. ಇನ್ನೂ ಮದುವೆಯಾಗದ ಹುಡುಗ.

ಹೊರಗಿನ ಬೆಂಚಿನ ಮೇಲೆ ನಯಾಜ್ ತಲೆ ಎತ್ತಲಾಗದೆ ಕೂತಿದ್ದ. "ಅಮ್ಮಾ, ಅವನ್ಗೆ ಮೊದ್ಲೇ ಗೊತ್ತಿತ್ತು. ಡಾಕ್ಟರು ಅಡ್ಮಿಟ್ ಆಗು ಅಂದಿದ್ರು. ಅಮ್ಮ ಹೆದರ್ಕೊಂತಾಳೆ, ಹೇಳ್ಬೇಡ ಭಾಯ್ ಅಂತ ನನ್ ಹತ್ರ ಕಸಮ್ ತಗೊಂಡ. ನಾಟಿ ಔಷಧಿ ತಗೊಂತಿದ್ದೀನಿ, ಇಳೀತಾ ಇದೆ ಅಂದ. ನಾನ್ ನಂಬ್ಬಿಟ್ಟೆ ಅಮ್ಮಾ." ಆ ಮಾತು ಆಗ ಜಟ್ಟೆಮ್ಮನ ಕಿವಿಗೆ ಬಿದ್ದು ಎಲ್ಲೋ ಕೆಳಗಿಳಿದುಹೋಯಿತು.

ಊರಿಗೆ ಹೋಗಿ ಮಣ್ಣು ಮಾಡಿ, ದಿನ ಮುಗಿಸಿ ಬಂದಳು. ಟಿವಿಯ ಮೇಲೊಂದು ಸೀರೆ ಹೊದಿಸಿದಳು. ವೇದಾ ಅವರ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದೊಂದೇ ಉಳಿಯಿತು. ಇಂಚರಾ ಕೂಡ ಅವಳೆದುರು ಪಿಚ್ಚರಿನ ಸುದ್ದಿ ಎತ್ತಲಿಲ್ಲ.

ಯುಗಾದಿ ಆಗಿ ಸ್ವಲ್ಪ ದಿನಕ್ಕೆ, ಕಾಲೇಜಿಗೆ ರಜೆಯಿದ್ದ ಒಂದು ದಿನ, ಜಟ್ಟೆಮ್ಮ ನಡುಮನೆಯ ನೆಲ ಒರೆಸುತ್ತಿದ್ದಳು. ಇಂಚರಾ ಸೋಫಾದಲ್ಲಿ ಮಲಗಿ ಏನೋ ನೋಡುತ್ತಿದ್ದಳು. ಜಟ್ಟೆಮ್ಮ ತಲೆ ಎತ್ತಿದಾಗ ಪರದೆಯ ಮೇಲೆ ಅದೇ ಹಡಗು, ಅದೇ ಹುಡುಗ, ಬಿಳಿ ದಿರಿಸು ತೊಡುತ್ತಿರುವ ಅದೇ ತಾಯಿ. ಎಷ್ಟೋ ತಿಂಗಳ ಮೇಲೆ ಅವಳ ಮುಖ ಸಡಿಲಾಯಿತು.

"ಈ ಪಿಚ್ಚರ್ ನಾ ನೋಡೀನಿ ತಂಗಿ. ಇಬ್ಬರೂ ಮನಿಗೆ ಬರ್ತಾರ."

"ಇಲ್ಲ ಆಂಟಿ," ಇಂಚರಾ ಪರದೆಯಿಂದ ಕಣ್ಣು ತೆಗೆಯದೆ ಅಂದಳು. "ಗಾಳಿ ಒಬ್ರಿಗೇ ಸಾಲೋದು. ಅದಕ್ಕೇ ಅವಳು ಹೊರಗೆ ಹೋಗ್ಬಿಡ್ತಾಳೆ. ಸತ್ತೋಗ್ತಾಳೆ. ಇಡೀ ಸಿನಿಮಾನೇ ಅದಲ್ವಾ?" ಮಾತು ಬಾಯಿಂದ ಬಿದ್ದ ಮೇಲೆ ತಿರುಗಿ ನೋಡಿದಳು.

ಜಟ್ಟೆಮ್ಮ ಒರೆಸುವ ಬಟ್ಟೆ ಹಿಡಿದು ಮಂಡಿಯ ಮೇಲೆಯೇ ಕೂತಿದ್ದಳು. "ಹಂಗಾರ ಆ ಗೋಪುರದಿಂದ ಬಿದ್ದವ? ಕುದರಿಯಂಥಾ ಮೃಗದ ಮ್ಯಾಲ ಬರ್ತಿದ್ನಲ್ಲ ಕೆಂಪ ಕೂದಲದವ?"

"ಆಂಟಿ, ಬಿಡಿ ಅದೆಲ್ಲ…"

"ಹೇಳು. ಕೆಳಗ ನೀರಿತ್ತಲ್ಲ?"

ಒಳಗಿನಿಂದ ಬಂದ ವೇದಾ ಮಗಳಿಗೆ ಸುಮ್ಮನಿರೆಂದು ಸನ್ನೆ ಮಾಡಿದರು. ಆದರೆ ಇಂಚರಾಗೆ ಸುಳ್ಳು ಹೇಳಲು ಬರಲಿಲ್ಲ. ನೀರು ಇರಲಿಲ್ಲ. ಕೆಂಪು ಕೂದಲಿನವನು ಸತ್ತಿದ್ದ. ಬೆಳಕಿನಲ್ಲಿ ಕರಗಿಹೋದ ಮುದುಕ ಬೇರೆ ಗ್ರಹಕ್ಕೆ ಹೋಗಿರಲಿಲ್ಲ, ಅವನೂ ಸತ್ತಿದ್ದ. ಜಟ್ಟೆಮ್ಮ ಒಬ್ಬೊಬ್ಬರನ್ನೇ ನೆನಪಿಸಿಕೊಂಡು ಕೇಳಿದಳು. ಇಂಚರಾ ದನಿ ತಗ್ಗಿಸುತ್ತ ತಗ್ಗಿಸುತ್ತ ಹೇಳಿದಳು.

ಆವತ್ತು ಬಸ್ಸಿನಲ್ಲಿ ಕೂತಾಗ ಜಟ್ಟೆಮ್ಮನಿಗೆ ಬಂದದ್ದು ಅಳುವಲ್ಲ, ಸಿಟ್ಟು. ಗಂಡ ತೀರಿಕೊಂಡ ವರ್ಷ ಮಗನ ಜೊತೆ ಕೂತು ಮೊಟ್ಟಮೊದಲು ನೋಡಿದ ಪಿಚ್ಚರು ನೆನಪಾಯಿತು. ಯಾರೋ ಎತ್ತರದಿಂದ ಬಿದ್ದಿದ್ದ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿ, ನಲ್ಲಿಯ ಬಳಿ ಕೂತು, ಕರೆದರೂ ಒಳಗೆ ಹೋಗಿರಲಿಲ್ಲ. ಮೀಸೆ ಚಿಗುರದ ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅದಾದ ಮೇಲೆ ಅವಳ ಮಗನ ಬಾಯಲ್ಲಿ ಯಾರೂ ಸತ್ತಿರಲಿಲ್ಲ. ಕಣ್ಣು ಬಂದಾವವ್ವ. ಏನಿಲ್ಲ, ಗ್ಯಾಸ್ಟ್ರಿಕ್. ಎಲ್ಲವೂ ಅದೇ ದನಿ. ಅವಳು ಆ ದನಿಯನ್ನು ಎಷ್ಟು ಚೆನ್ನಾಗಿ ನಂಬಲು ಕಲಿತಿದ್ದಳು!

"ಒಂದ ಸಲ ಅತ್ತಿದ್ದಕ್ಕ ಇಷ್ಟು ಶಿಕ್ಷೆ ಕೊಡಬಾರದಿತ್ತೋ ಹುಲಗ್ಯಾ," ಎಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನಗೆಂದುಕೊಂಡು ತಿರುಗಿ ನೋಡಿದಳು.

ಮರುದಿನ ಕೆಲಸ ಮುಗಿಸಿ ಜಟ್ಟೆಮ್ಮ ಇಂಚರಾಳ ಕೋಣೆಯ ಬಾಗಿಲಿಗೆ ಬಂದು ನಿಂತಳು. "ಆ ತಾಯಿ ಮಗನ ಪಿಚ್ಚರ್ ಹಾಕು ತಂಗಿ. ಇದ್ದದ್ದು ಇದ್ದಂಗ ಹೇಳಬೇಕು. ಒಂದ ಮಾತೂ ಮುಚ್ಚಬಾರದು."

ಬೇಡವೆಂದು ವೇದಾ ಎಷ್ಟೋ ಹೇಳಿದರು. ಅವಳು ಕೇಳಲಿಲ್ಲ. ಇಂಚರಾ ಪಕ್ಕದಲ್ಲಿ ನೆಲದ ಮೇಲೆಯೇ ಕೂತು ಪ್ರತಿಯೊಂದು ಮಾತನ್ನೂ ಕನ್ನಡಕ್ಕೆ ತಂದಳು. ತಾಯಿ ಬಾಗಿಲ ಬಳಿ ನಿಂತು ಏನೋ ಅಂದಳು.

"ಏನಂದ್ಲು?"

"ಬಾಗಿಲು ಹಾಕ್ಕೋ ಕಂದ, ಚಳಿಯಾಗುತ್ತೆ ಅಂದ್ಲು."

ತಾಯಿ ಕತ್ತಲೆಯಲ್ಲಿ ಸಣ್ಣ ಬಿಳಿ ಚುಕ್ಕೆಯಾಗಿ ಹೋದಳು. ಮಗ ಊರು ಸೇರಿದ, ದೊಡ್ಡವನಾದ, ಅವನ ಕೂದಲು ನೆರೆಯಿತು. ಜಟ್ಟೆಮ್ಮ ಕಣ್ಣು ಮಿಟುಕಿಸದೆ ನೋಡಿದಳು.

"ಹುಲಗ್ಯಾನ ಕತಿ ತಪ್ಪು," ಎಂದಳು ಪಿಚ್ಚರು ಮುಗಿದಾಗ. ಪಿಚ್ಚರಿನ ತಪ್ಪು ಹೇಳುವಾಗಿನ ಅದೇ ಹಳೆಯ ಗಡಸು ದನಿ. "ಇದ ಸರಿ ಐತಿ. ತಾಯಿ ಹೋಗಬೇಕು, ಮಗ ಉಳೀಬೇಕು. ಅವನ ಕೂದಲಾ ಬೆಳ್ಳಗಾಗಬೇಕು. ಹಿಂಗ ಸರಿ ಇದ್ದ ಕತೀನ ಅವ ಯಾಕ ಕೆಡಿಸಿದ?"

ಇಂಚರಾ ಅವಳ ಕೈ ಹಿಡಿಯಹೋದಳು. ಜಟ್ಟೆಮ್ಮ ಬಿಡಿಸಿಕೊಂಡು ಎದ್ದು, ಚಪ್ಪಲಿ ಮೆಟ್ಟಿ ಹೊರಟಳು.

ಬಂದ ಭಾನುವಾರ ಮಧ್ಯಾಹ್ನ ಅವಳು ಟಿವಿಯ ಮೇಲಿನ ಸೀರೆ ತೆಗೆದಳು. ಯಾವುದೋ ಪಿಚ್ಚರು ಬರುತ್ತಿತ್ತು, ಯಾವುದೋ ಯುದ್ಧ. ಹಿಂದಿ ಮಾತು ಕೋಣೆಯಲ್ಲಿ ಸುಮ್ಮನೆ ಸುರಿಯುತ್ತಿತ್ತು. ಹರೆಯದವನೊಬ್ಬ ಎದೆಗೆ ಏಟು ಬಿದ್ದು ಉರುಳಿದ, ಮೇಲೇಳಲಿಲ್ಲ. ಸುತ್ತಲಿದ್ದವರು ಅವನ ಮುಖದ ಮೇಲೆ ಬಟ್ಟೆ ಎಳೆದರು.

"ಸತ್ತ," ಎಂದಳು ಜಟ್ಟೆಮ್ಮ, ಗಟ್ಟಿಯಾಗಿ.

ಮಗನನ್ನು ಮಣ್ಣು ಮಾಡಿದಂದಿನಿಂದ ಆ ಮಾತನ್ನು ಅವಳು ಆಡಿರಲಿಲ್ಲ. ಯಾರಾದರೂ ಕೇಳಿದರೆ, ಹುಲಗ್ಯಾ ಇಲ್ಲ ಅನ್ನುತ್ತಿದ್ದಳು ಅಷ್ಟೆ. ಈಗ ಸತ್ತ ಎಂದು ಇನ್ನೊಮ್ಮೆ ಅಂದಳು, ಮತ್ತೊಮ್ಮೆ ಅಂದಳು. ಆ ಕೂಗಿಗೆ ಪಕ್ಕದ ಮನೆಯ ರಾಜೇಶ್ವರಿ ಒಲೆಯ ಮೇಲಿದ್ದದ್ದನ್ನು ಹಾಗೆಯೇ ಬಿಟ್ಟು ಓಡಿಬಂದು, ಅವಳನ್ನು ತಬ್ಬಿ ನೆಲದ ಮೇಲೆ ಕೂತಳು.